ಟ್ಯಾಗ್ ಓದುವ ಕೋಡಿಗೆ ಯಾಕಿಷ್ಟು ವೇಷ?

ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಅದರ ನೆಂಟ ಎಕ್ಸ್‌ಎಂಎಲ್ ಥರದವುಗಳಲ್ಲಿ ಪಠ್ಯದ ತುಂಡುಗಳ ಆಚೀಚೆ ಹಾಕುವ ಗುರುತೇ ಟ್ಯಾಗ್. ಅದನ್ನು ಬಿಡಿಸಿ ಓದುವ ಪ್ರೋಗ್ರಾಮಿಗೆ ಪಾರ್ಸರ್ ಅನ್ನುತ್ತಾರೆ, ಅದನ್ನು ಗೋಜಲಾಗಿ ಬರೆಯುವ ಆಟದ ಮಾತು ಇದು. ಯಾರಿಗೂ ಅರ್ಥ ಆಗಬಾರದು ಅಂತ ಬೇಕಂತಲೇ ಕೋಡ್ ಬರೆಯುವ ಚಟ ಹಳೆಯದು. 1984ರಲ್ಲಿ ಲ್ಯಾಂಡನ್ ಕರ್ಟ್ ನಾಲ್ ಮತ್ತು ಲ್ಯಾರಿ ಬ್ಯಾಸೆಲ್ ಸಿ ಭಾಷೆಯ ಗೋಜಲು ಕೋಡಿಗೆ ಸ್ಪರ್ಧೆಯನ್ನೇ ಶುರು ಮಾಡಿದರು. ಅದಕ್ಕೆ ಒಂದು ಪ್ರೇರಣೆ ಯುನಿಕ್ಸ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಬೋರ್ನ್ ಶೆಲ್. ಮ್ಯಾಕ್ರೋ (ಕೋಡಿನ ತುಂಡಿಗೆ ಇಡುವ ಅಡ್ಡಹೆಸರು) ಹಾಕಿ ಹಾಕಿ ಸಿ ಕೋಡನ್ನು ಆಲ್ಗಾಲ್ ಅನ್ನುವ ಬೇರೆ ಭಾಷೆಯ ಥರ ಕಾಣಿಸಿದ್ದ, ಆದರೆ ಜನ ದಿನಾ ಬಳಸುತ್ತಿದ್ದ ಪ್ರೋಗ್ರಾಮ್ ಅದು. ಯಾರೂ ತಮಾಷೆಗೆ ಬರೆದದ್ದಲ್ಲ!

ಮಾರ್ಕಪ್, ಅಂದರೆ ಟ್ಯಾಗ್ ಹಾಕಿದ ಪಠ್ಯ, ಈ ಆಟಕ್ಕೆ ಚೆನ್ನಾಗಿ ಒಗ್ಗಿದ್ದು ಪರ್ಲ್‌ನಲ್ಲಿ. ರೆಗೆಕ್ಸ್ (ಪಠ್ಯದಲ್ಲಿ ಒಂದು ನಮೂನೆಯನ್ನು ಹುಡುಕುವ ಸೂತ್ರ) ಆ ಪ್ರೋಗ್ರಾಮಿಂಗ್ ಭಾಷೆಯ ಒಳಗೇ ಇದೆ, ವೆಬ್ ಬೆಳೆಯುತ್ತಿದ್ದ ಕಾಲದಲ್ಲಿ ಎಚ್‌ಟಿಎಂಎಲ್ ಜೊತೆ ಗುದ್ದಾಡುತ್ತಿದ್ದವರು ಜಾಸ್ತಿ ಹಿಡಿದದ್ದೂ ಅದನ್ನೇ. 1998ರಲ್ಲಿ ರಾಬರ್ಟ್ ಕ್ಯಾಮೆರಾನ್ ಎಕ್ಸ್‌ಎಂಎಲ್ ಅನ್ನು ತುಂಡು ಮಾಡಲು ಒಂದೇ ರೆಗೆಕ್ಸ್ ಕಟ್ಟಿ ತೋರಿಸಿದರು. ಆದರೆ ಅದು ಟ್ಯಾಗುಗಳನ್ನು ಬಿಡಿಸಿಕೊಡುತ್ತದೆ ಅಷ್ಟೇ, ಯಾವುದರೊಳಗೆ ಯಾವುದಿದೆ ಅಂತ ನೋಡುವುದಿಲ್ಲ.

ಕಷ್ಟ ಇರುವುದೇ ಅಲ್ಲಿ. ಟ್ಯಾಗಿನೊಳಗೆ ಟ್ಯಾಗ್ ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದು, ಥಿಯರಿಯ ಶುದ್ಧ ರೆಗೆಕ್ಸಿಗೆ ಆ ಆಳ ಎಣಿಸಲು ಬರುವುದಿಲ್ಲ. ಸ್ಟ್ಯಾಕ್ ಬೇಕು, ಅಂದರೆ ತೆರೆದ ಟ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನದನ್ನೇ ಮೊದಲು ತೆಗೆಯುವ ಪಟ್ಟಿ. ಹಾಗಾಗಿ ನನ್ನ ಲೆಕ್ಕದಲ್ಲಿ ಗೋಜಲು ಪಾರ್ಸರಿನ ನಿಜವಾದ ಮಜಾ ವೇರಿಯಬಲ್ಲುಗಳಿಗೆ ಅಡ್ಡಾದಿಡ್ಡಿ ಹೆಸರಿಡುವುದರಲ್ಲಿಲ್ಲ, ಆ ಸ್ಟ್ಯಾಕನ್ನು ಎಲ್ಲಿ ಬಚ್ಚಿಡುತ್ತೀರಿ ಅನ್ನುವುದರಲ್ಲಿದೆ. ಫಂಕ್ಷನ್ ತನ್ನನ್ನೇ ಕರೆದುಕೊಂಡರೆ ಭಾಷೆಯೇ ಸುಮ್ನೆ ಸ್ಟ್ಯಾಕ್ ಇಟ್ಟುಕೊಳ್ಳುತ್ತದೆ. ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ: ಒಳಗೆ ಬೇರೆ ಟ್ಯಾಗ್ ಇಲ್ಲದ ಜೋಡಿಯನ್ನು ಹುಡುಕಿ, ಅದರ ಜಾಗದಲ್ಲಿ ಒಂದು ಗುರುತು ಇಟ್ಟು, ಟ್ಯಾಗ್ ಮುಗಿಯುವವರೆಗೆ ಅದನ್ನೇ ಮಾಡುತ್ತಾ ಹೋಗುವುದು. ಆಳ ಎಣಿಸುವ ಮಾತೇ ಬರುವುದಿಲ್ಲ. ರೆಗೆಕ್ಸ್ ತನ್ನನ್ನೇ ಕರೆಯುವುದೂ ಪರ್ಲ್‌ನಲ್ಲಿ ಸಾಧ್ಯ, 2007ರ 5.10 ಆವೃತ್ತಿ ಅದನ್ನು ಸಲೀಸು ಮಾಡಿತು.

ಇವೆಲ್ಲ ಬರೀ ಆಟ ಅಂದುಕೊಂಡಿರಾ? ಸರಳ ಗುರುತುಗಳಿರುವ ಪಠ್ಯವನ್ನು ಎಚ್‌ಟಿಎಂಎಲ್ ಮಾಡಿಕೊಡುವ, 2004ರಲ್ಲಿ ಜಾನ್ ಗ್ರೂಬರ್ ಬಿಟ್ಟ ಮಾರ್ಕ್‌ಡೌನ್ ಪರ್ಲ್ ಸ್ಕ್ರಿಪ್ಟ್ ತೆಗೆದು ನೋಡಿ. ಚೌಕ ಬ್ರ್ಯಾಕೆಟ್ ಹಿಡಿಯುವ ರೆಗೆಕ್ಸ್ ತನ್ನನ್ನೇ ಕರೆಯುತ್ತದೆ. ಮಧ್ಯೆ ಬರುವ ಎಚ್‌ಟಿಎಂಎಲ್ ತುಂಡುಗಳನ್ನು ತೆಗೆದಿಟ್ಟು, ಆ ಜಾಗಕ್ಕೆ ಎಂಡಿ5 ಹ್ಯಾಶ್ (ಆ ತುಂಡಿನಿಂದಲೇ ಲೆಕ್ಕ ಹಾಕಿದ ಗುರುತಿನ ಅಕ್ಷರಸಾಲು) ತುಂಬಿ, ಆಮೇಲೆ ವಾಪಸ್ ಹಾಕುತ್ತದೆ. ಸ್ಪರ್ಧೆಗೆ ಕಳಿಸಿದ್ದರೂ ನಡೆಯುತ್ತಿತ್ತು, ಅಲ್ವಾ?

ಆದರೆ ಮಾರ್ಕ್‌ಡೌನಿಗೆ ಪಕ್ಕಾ ವ್ಯಾಕರಣ ಬರೆದಿಡದೆ ಹೋದದ್ದರಿಂದ, ರೆಗೆಕ್ಸುಗಳು ಯಾವ ಕ್ರಮದಲ್ಲಿ ಓಡುತ್ತವೋ ಅದೇ ನಿಯಮ ಆಗಿಬಿಟ್ಟಿತು. ಬೇರೆಯವರು ಬರೆದ ಪಾರ್ಸರುಗಳು ಒಂದೇ ಪಠ್ಯಕ್ಕೆ ಬೇರೆಬೇರೆ ಉತ್ತರ ಕೊಟ್ಟವು. 2014ರಲ್ಲಿ ಕಾಮನ್‌ಮಾರ್ಕ್ ಬಂದದ್ದು ಮಾರ್ಕ್‌ಡೌನಿಗೆ ಪಕ್ಕಾ ನಿಯಮ ಬರೆದು ಅದನ್ನು ಸರಿಮಾಡಲು. ಅದರ ಈಗಿನ ವಿವರಣೆಯಲ್ಲಿ 600ಕ್ಕೂ ಹೆಚ್ಚು ಉದಾಹರಣೆಗಳಿವೆ, ತಮಾಷೆಗೆ ಬರೆದ ಪಾರ್ಸರನ್ನೂ ಅವುಗಳ ಮೇಲೆ ಓಡಿಸಿ ನೋಡಬಹುದು.