30 ಕಿಲೋಮೀಟರ್ ಆಳದಲ್ಲಿ ನೀರು ಕಲ್ಲಿಗೆ ಏನು ಮಾಡುತ್ತೆ?

ಓದುಗರ ಪ್ರಶ್ನೆ: ಜಪಾನಿನ ಹತ್ತಿರ ಸಮುದ್ರದ ತಳವೇ ನೆಲದ ಅಡಿಗೆ ನುಗ್ಗುತ್ತದೆ, ಜೊತೆಗೆ ನೀರೂ ಒಳಗೆ ಹೋಗುತ್ತದೆ, ಆ ನೀರಿನಿಂದಲೇ ಕಲ್ಲು ಜಾರುತ್ತದೆ ಅಂತ ಓದಿದೆ. ಅಷ್ಟು ಬಿಸಿಯಲ್ಲಿ, ಅಷ್ಟು ಭಾರದ ಕೆಳಗೆ ನೀರು ಉಳಿಯುತ್ತದಾ? ಉಳಿದರೂ ಎಣ್ಣೆ ಹಾಕಿದ ಹಾಗೆ ಕೆಲಸ ಮಾಡುತ್ತಾ?

ಉಳಿಯುತ್ತದೆ. ಆದರೆ ಎಣ್ಣೆಯ ಹಾಗೆ ಅಲ್ಲ. ಈ ವಿಷಯ ಕೇಳಿದವರಲ್ಲಿ ಹೆಚ್ಚಿನವರು ಎಡವುವುದು ಈ ಎಣ್ಣೆಯ ಹೋಲಿಕೆಯಲ್ಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೋಟೆಲಿನಲ್ಲಿ ಆಗತಾನೇ ಒರೆಸಿದ ಒದ್ದೆ ಮೇಜಿನ ಮೇಲೆ ಬಿಸಿ ಸಾಂಬಾರಿನ ಸ್ಟೀಲ್ ಬಟ್ಟಲು ಇಡುತ್ತಾರೆ. ಯಾರೂ ಮುಟ್ಟದೆ ಅದು ಮೆಲ್ಲಗೆ ಸರಿಯುತ್ತದೆ. ನೋಡಿರುತ್ತೀರಿ, ಅಲ್ವಾ? ಬಟ್ಟಲಿನ ತಳದಲ್ಲಿ ಒಂದು ಅಂಚು, ಅದರೊಳಗೆ ಸಣ್ಣ ತಗ್ಗು. ಆ ತಗ್ಗಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಂಚಿನ ಸುತ್ತ ಇರುವ ನೀರು ಅದನ್ನು ಹೊರಗೆ ಬಿಡುವುದಿಲ್ಲ. ಸಾಂಬಾರಿನ ಬಿಸಿಗೆ ಗಾಳಿ ಹಿಗ್ಗಿ ಬಟ್ಟಲನ್ನು ಮೇಲಕ್ಕೆ ಒತ್ತುತ್ತದೆ. ಬಟ್ಟಲಿನ ಭಾರದಲ್ಲಿ ಒಂದು ಪಾಲನ್ನು ಈಗ ಗಾಳಿ ಹೊತ್ತಿದೆ, ಮೇಜಿನ ಮೇಲೆ ಅಂಚು ಒತ್ತುವುದು ಕಡಿಮೆಯಾಗಿದೆ. ಮೇಜು ಚೂರು ವಾಲಿದ್ದರೂ ಸಾಕು, ಬಟ್ಟಲು ಹೊರಡುತ್ತದೆ. ಅದೇ ಬಟ್ಟಲಿಗೆ ತಣ್ಣೀರು ಹಾಕಿ ಅದೇ ಒದ್ದೆ ಮೇಜಿನ ಮೇಲೆ ಇಡಿ, ಸುಮ್ನೆ ಕೂತಿರುತ್ತದೆ. ಒದ್ದೆ ಇದ್ದರಷ್ಟೇ ಸಾಲದು. ಒಳಗಿನಿಂದ ಒತ್ತಡ ಬೇಕು, ಆ ಒತ್ತಡ ಸೋರಿಹೋಗದ ಹಾಗೆ ಮುಚ್ಚಳ ಬೇಕು.

ಕಲ್ಲಿನ ವಿಷಯದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದವರು ಅಮೆರಿಕದ ಭೂವಿಜ್ಞಾನಿಗಳಾದ ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ, 1959ರಲ್ಲಿ. ಬೆಟ್ಟದಷ್ಟು ದೊಡ್ಡ ಕಲ್ಲಿನ ಹಾಸುಗಳು ಪುಡಿಯಾಗದೆ ಎಷ್ಟೋ ಕಿಲೋಮೀಟರ್ ಹೇಗೆ ಜಾರಿದವು ಅನ್ನುವುದು ಆಗಿನ ಒಗಟು. ಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡ ನೀರು ಮೇಲಿನ ಭಾರದ ಬಹುಪಾಲನ್ನು ಹೊತ್ತುಕೊಂಡರೆ ಆ ಒಗಟು ಬಿಡಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು.

ಇನ್ನು, ನೀರು ಅಷ್ಟು ಆಳಕ್ಕೆ ಹೋಗುವುದು ಹೇಗೆ? ಸಮುದ್ರತಳದ ಕೆಸರಿನಲ್ಲಿರುವ ನೀರು ಮೊದಲ ಕೆಲವು ಕಿಲೋಮೀಟರಿನಲ್ಲೇ ಹಿಂಡಿಹೋಗುತ್ತದೆ. ಆಳದವರೆಗೆ ಸಾಗುವುದು ಬೇರೆ ನೀರು. ಅದನ್ನು ತಿಳಿಯಲು ಬಳಪ ಕೈಗೆತ್ತಿಕೊಳ್ಳಿ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಆ ಬಳಪದ ಕಲ್ಲು ಉಗುರಿಗೆ ಕೆರೆದರೂ ಪುಡಿ ಬಿಡುತ್ತದೆ, ಮುಟ್ಟಿದರೆ ಸಾಬೂನಿನ ಹಾಗೆ ನುಣುಪು. ಪೂರ್ತಿ ಒಣಗಿದ್ದು ಅನಿಸಿದರೂ ಅದರ ಹರಳಿನ ಕಟ್ಟಿನೊಳಗೆ ತೂಕದ ನೂರಕ್ಕೆ ಸುಮಾರು 5 ಭಾಗ ನೀರೇ. ಬೇಲೂರು, ಹಳೇಬೀಡಿನ ಶಿಲ್ಪಿಗಳ ಉಳಿಗೆ ಅಷ್ಟು ಸಲೀಸಾಗಿ ಸಿಕ್ಕಿದ್ದೂ ಇದೇ ಜಾತಿಯ, ಹಾಳೆ ಹಾಳೆಯಾಗಿ ಜೋಡಿಸಿಕೊಂಡ ಮೆದು ಖನಿಜಗಳ ಕಲ್ಲು. ಇದರ ಹತ್ತಿರದ ನೆಂಟ ಸರ್ಪೆಂಟೀನ್‌ನಲ್ಲಿ ಇನ್ನೂ ಜಾಸ್ತಿ: 100 ಕೆ.ಜಿ. ಕಲ್ಲಿಗೆ ಸುಮಾರು 13 ಕೆ.ಜಿ. ನೀರು. ಸಮುದ್ರತಳದ ಕಲ್ಲು ಕೋಟ್ಯಂತರ ವರ್ಷ ಉಪ್ಪುನೀರಿನ ಕೆಳಗಿದ್ದು ಇಂಥ ಖನಿಜಗಳನ್ನು ಬೆಳೆಸಿಕೊಂಡಿರುತ್ತದೆ. ನೆಲದಡಿಗೆ ಇಳಿದು ಬಿಸಿಯೇರಿದಾಗ ಆ ಖನಿಜಗಳು ಒಡೆದು ನೀರನ್ನು ಬಿಟ್ಟುಕೊಡುತ್ತವೆ.

ನೈಋತ್ಯ ಜಪಾನಿನ ಶಿಕೊಕು ದ್ವೀಪದ ಅಡಿಯಲ್ಲಿ ಈಗ ನಡೆಯುತ್ತಿರುವುದು ಇದೇ. ಫಿಲಿಪೀನ್ ಸಮುದ್ರದ ಭೂಫಲಕ, ಅಂದರೆ ಭೂಮಿಯ ಗಟ್ಟಿ ಹೊರಪದರದ ಒಂದು ದೊಡ್ಡ ತುಂಡು, ಅಲ್ಲಿ ವರ್ಷಕ್ಕೆ ಸುಮಾರು 4ರಿಂದ 6 ಸೆಂಟಿಮೀಟರ್ ಒಳಗೆ ನುಗ್ಗುತ್ತಿದೆ. ಅದು ವಯಸ್ಸಿನಲ್ಲಿ ಚಿಕ್ಕದು, ಹಾಗಾಗಿ ಇನ್ನೂ ಬಿಸಿ. ನೀರನ್ನು ಬೇಗ, 30ರಿಂದ 40 ಕಿಲೋಮೀಟರ್ ಆಳದಲ್ಲೇ ಬಿಡಲು ಶುರು ಮಾಡುತ್ತದೆ. ಆ ಆಳದಲ್ಲಿ ಮೇಲಿನ ಕಲ್ಲಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಆದರೂ ಹೊರಬಂದ ನೀರಿಗೆ ತಪ್ಪಿಸಿಕೊಳ್ಳಲು ದಾರಿ ಸಿಗದಿದ್ದರೆ ಅದರ ಒತ್ತಡವೂ ಏರುತ್ತಾ ಏರುತ್ತಾ ಅದಕ್ಕೆ ಸಮವಾಗಿ ನಿಲ್ಲುತ್ತದೆ. ಸಾಂಬಾರ್ ಬಟ್ಟಲಿನ ಸ್ಥಿತಿಯೇ, ಅಳತೆ ಮಾತ್ರ ದೊಡ್ಡದು.

ಅಲ್ಲಿಗೆ ಹೋಗಿ ಯಾರೂ ನೋಡಿಲ್ಲವಲ್ಲ, ಹೇಗೆ ಗೊತ್ತಾಯಿತು ಅಂತ ಕೇಳಬಹುದು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. 1995ರ ಕೋಬೆ ಭೂಕಂಪದ ನಂತರ ಜಪಾನ್ ದೇಶದುದ್ದಕ್ಕೂ ಕೊಳವೆಬಾವಿಗಳನ್ನು ಕೊರೆದು ಸೂಕ್ಷ್ಮ ಕಂಪನಮಾಪಕಗಳನ್ನು ಇಳಿಸಿತು. 2002ರಲ್ಲಿ ಕಜುಶಿಗೆ ಒಬಾರಾ ಎಂಬ ಭೂಕಂಪ ವಿಜ್ಞಾನಿ ಆ ದಾಖಲೆಗಳಲ್ಲಿ ಒಂದು ವಿಚಿತ್ರ ಕಂಡರು. ಭೂಕಂಪದ ಹಾಗೆ ಥಟ್ಟನೆ ಬಂದು ಹೋಗುವ ಅಲೆ ಅಲ್ಲ. ಗುಯ್ಯೆನ್ನುವ ಹಾಗೆ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುವ ಸಣ್ಣ ನಡುಕ. ಅದು ಬರುತ್ತಿದ್ದುದು ಸುಮಾರು 30 ಕಿಲೋಮೀಟರ್ ಆಳದಿಂದ, 600 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ. ಹತ್ತಿರದಲ್ಲಿ ಜ್ವಾಲಾಮುಖಿಯೂ ಇಲ್ಲ. ಆ ನಡುಕ ಬರುವ ಹೊತ್ತಿಗೇ ಫಲಕಗಳ ನಡುವಿನ ಬಿರುಕು ದಿನಗಟ್ಟಲೆ ನಿಧಾನವಾಗಿ ಜಾರುತ್ತದೆ ಎಂದು ಮುಂದೆ ತಿಳಿಯಿತು. ಮೇಲೆ ಇರುವವರಿಗೆ ಏನೂ ಗೊತ್ತಾಗುವುದಿಲ್ಲ.

ಈ ನಡುಕ ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ! ಉಬ್ಬರವಿಳಿತ ಅಷ್ಟು ಆಳದ ಕಲ್ಲಿನ ಮೇಲೆ ಹಾಕುವ ಬಲ ಅಲ್ಲಿನ ಒತ್ತಡದ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ನಿಜವಾಗಿ ಬಿಗಿಯಾಗಿ ಒತ್ತಿಕೊಂಡ ಎರಡು ಕಲ್ಲುಗಳಿಗೆ ಅದು ಲೆಕ್ಕಕ್ಕೇ ಬರಬಾರದು. ಲೆಕ್ಕಕ್ಕೆ ಬರುತ್ತಿದೆ ಎಂದರೆ ಆ ಕಲ್ಲುಗಳು ಬಿಗಿಯಾಗಿ ಒತ್ತಿಕೊಂಡೇ ಇಲ್ಲ. ಭಾರವನ್ನು ನೀರು ಹೊತ್ತಿದೆ.

ನೀರು ಇಷ್ಟಕ್ಕೇ ಬಿಡುವುದಿಲ್ಲ, ಕಲ್ಲನ್ನು ಕರಗಿಸುತ್ತದೆ ಕೂಡ. ಒಂದು ಕಾಲಕ್ಕೆ ಹೀಗೇ ನೆಲದಡಿಗೆ ಇಳಿದಿದ್ದು, ಇಷ್ಟು ಆಳಕ್ಕಲ್ಲದಿದ್ದರೂ, ಈಗ ಮೇಲೆದ್ದಿರುವ ಕಲ್ಲುಗಳು ಶಿಕೊಕು ಕರಾವಳಿಯ ಶಿಮಾಂತೊ ಪಟ್ಟಿಯಲ್ಲಿವೆ. ಕಪ್ಪು ಕಲ್ಲಿನ ಮೈಮೇಲೆ ಬೆಣಚುಕಲ್ಲಿನ ಬಿಳಿ ಗೆರೆಗಳು. ಇಂಥ ಗೆರೆಯ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಂದೇ ಗೆರೆಯೊಳಗೆ ಕೂದಲಿಗಿಂತ ಸಣ್ಣ ಪದರಗಳು ಸಾಲಾಗಿ ಕಾಣುವುದುಂಟು. ನೀರಿನ ಒತ್ತಡಕ್ಕೆ ಕಲ್ಲು ಸೀಳಿತು, ನೀರು ನುಗ್ಗಿತು, ಒತ್ತಡ ಇಳಿಯಿತು, ನೀರಿನಲ್ಲಿ ಕರಗಿದ್ದ ಸಿಲಿಕಾ ಬೆಣಚಾಗಿ ಕೂತು ಸೀಳನ್ನು ಮುಚ್ಚಿತು. ಮತ್ತೆ ಒತ್ತಡ ಏರಿತು, ಮತ್ತೆ ಸೀಳಿತು. ಒಂದೊಂದು ಪದರವೂ ಒಂದೊಂದು ಸಲದ ಗುರುತು. ಶಿಕೊಕು ಅಡಿಯ ನಡುಕ ಸುಮಾರು ಆರು ತಿಂಗಳಿಗೊಮ್ಮೆ ಮರಳುವುದಕ್ಕೂ ಹೀಗೆ ಮುಚ್ಚಳ ಕೂಡಿಕೊಳ್ಳಲು ಹಿಡಿಯುವ ಸಮಯಕ್ಕೂ ನಂಟಿದೆ ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ. ನನಗೂ ಅದು ಒಪ್ಪುವ ಮಾತೇ ಅನಿಸುತ್ತದೆ.

ಇದಲ್ಲದೆ ನೀರು ಹರಳಿನೊಳಗೇ ಸೇರಿ ಕಲ್ಲನ್ನು ಬಗ್ಗುವಂತೆಯೂ ಮಾಡುತ್ತದೆ. ಬೆಣಚು ಹರಳಿನಲ್ಲಿ ಅತಿ ಅಲ್ಪ ನೀರಿದ್ದರೂ ಅದು ಬಹಳ ಸುಲಭವಾಗಿ ಬಾಗುತ್ತದೆ ಎಂದು 1965ರಲ್ಲೇ ಪ್ರಯೋಗದಲ್ಲಿ ಕಂಡಿತ್ತು.

ಹಾಗಾದರೆ ನೀರಿದ್ದರೆ ಮೆಲ್ಲಗೆ ಜಾರುತ್ತದೆ, ಭೂಕಂಪದ ಭಯವಿಲ್ಲ ಅಂದುಕೊಳ್ಳಬೇಡಿ. ಆಳದಲ್ಲಿ ಮೆಲ್ಲಗೆ ಜಾರಿದ ಭಾಗ ತನ್ನ ಹೊರೆಯನ್ನು ಮೇಲಿನ, ಇನ್ನೂ ಕಚ್ಚಿಕೊಂಡಿರುವ ಭಾಗಕ್ಕೆ ದಾಟಿಸುತ್ತದೆ. 1944 ಮತ್ತು 1946ರ ದೊಡ್ಡ ಭೂಕಂಪಗಳು ಹುಟ್ಟಿದ್ದು ಹೀಗೆ ಕಚ್ಚಿಕೊಂಡಿದ್ದ ಭಾಗದಲ್ಲೇ. ಉತ್ತರ ಜಪಾನಿನಲ್ಲಿ 2011ರ ತೊಹೊಕು ಭೂಕಂಪದಲ್ಲಿ ಫಲಕ ಒಳಗೆ ನುಗ್ಗಲು ಶುರುವಾಗುವ ಸಮುದ್ರತಳದ ಕಂದಕದ ಹತ್ತಿರ ಅದು ಸುಮಾರು 50 ಮೀಟರ್ ಜಾರಿತು. ಮರುವರ್ಷ ಚಿಕ್ಯು ಹಡಗು ಸುಮಾರು 6,900 ಮೀಟರ್ ನೀರಿನ ಕೆಳಗೆ ಆ ಬಿರುಕಿನವರೆಗೂ ಕೊರೆದು ಥರ್ಮಾಮೀಟರುಗಳನ್ನು ಇಳಿಸಿತು. ಸಿಕ್ಕಿದ್ದು ಕೆಲವೇ ಮೀಟರ್ ದಪ್ಪದ ಜೇಡಿಮಣ್ಣಿನ ಪದರ. ಅಷ್ಟು ದೂರ ಉಜ್ಜಿದ್ದಕ್ಕೆ ಉಳಿದಿದ್ದ ಬಿಸಿ ಸುತ್ತಲಿಗಿಂತ ಬರೀ 0.31 ಡಿಗ್ರಿ ಜಾಸ್ತಿ. ಕಲ್ಲಿಗೆ ಕಲ್ಲು ತಿಕ್ಕಿದ್ದರೆ ಇದಕ್ಕಿಂತ ಎಷ್ಟೋ ಪಟ್ಟು ಇರಬೇಕಿತ್ತು. ಜೇಡಿ ನೀರನ್ನು ಬೇಗ ಹೊರಬಿಡುವುದಿಲ್ಲ. ಉಜ್ಜಿದ ಬಿಸಿಗೆ ಒಳಗಿನ ನೀರು ಹಿಗ್ಗಿ ಪದರವನ್ನೇ ಎತ್ತಿಹಿಡಿದಿರಬೇಕು. ಶಿಕೊಕುವಿನಲ್ಲಿ ನಿಧಾನಕ್ಕೆ ಜಾರಿಸುವ ನೀರು ಇಲ್ಲಿ ಓಡಿಸಿತು.

ಇಷ್ಟೆಲ್ಲ ಆದಮೇಲೂ ಉಳಿದ ನೀರು ಇನ್ನೂ ಕೆಳಗೆ ಹೋಗುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಮೇಲಿನ ಬಿಸಿ ಕಲ್ಲಿಗೆ ಸೇರಿ, ಅದು ಕರಗುವ ಉಷ್ಣತೆಯನ್ನು ಇಳಿಸಿ ಶಿಲಾಪಾಕ (ಮ್ಯಾಗ್ಮಾ) ಮಾಡುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಹುಟ್ಟಿದ್ದು ಹೀಗೆ. 2004ರ ಡಿಸೆಂಬರ್ 26ರಂದು ಜಾರಿ ಸುನಾಮಿ ಎಬ್ಬಿಸಿದ ಫಲಕದ ಅಂಚೇ ಅದರ ಅಡಿಯಲ್ಲೂ ಇಳಿಯುತ್ತಿದೆ. ಬ್ಯಾರನ್ ದ್ವೀಪದ ಬಾಯಿಂದ ಹೊಗೆಯ ಜೊತೆ ಏಳುವ ಹಬೆಯಲ್ಲಿ ಒಂದು ಪಾಲು, ಎಂದೋ ಆ ಫಲಕದ ಜೊತೆ ಕೆಳಗಿಳಿದ ಸಮುದ್ರದ ನೀರು.