ಫೆರಿಟಿನ್ ಏರಿದರೆ ಕಬ್ಬಿಣ ಜಾಸ್ತಿ ಅಂತಲೇ ಅಲ್ಲ

ರಿಪೋರ್ಟಿನಲ್ಲಿ ಫೆರಿಟಿನ್ 420 ಅನ್ನೋ ಅಂಕಿಗೆ ಒಬ್ಬ ರೋಗಿ ತಾವೇ ಪೆನ್ನಿನಿಂದ ಎರಡು ಸುತ್ತು ಹಾಕಿಕೊಂಡು ಬಂದಿದ್ದರು. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. "ಮೈ ತುಂಬಾ ಕಬ್ಬಿಣ ಸೇರಿಕೊಂಡಿದೆ ಡಾಕ್ಟ್ರೇ, ಹಾರ್ಟಿಗೆ ಏನಾದ್ರೂ ಆಗುತ್ತಾ? ರಕ್ತದಾನ ಮಾಡಿಬಿಡ್ಲಾ?" ಅದೇ ಹಾಳೆಯಲ್ಲಿ ಮೇಲ್ಗಡೆ ಹಿಮೋಗ್ಲೋಬಿನ್ 11.2 ಇತ್ತು, ಅಂದರೆ ರಕ್ತ ಕಮ್ಮಿ. ಅದರ ಕಡೆ ಅವರು ನೋಡಿರಲೇ ಇಲ್ಲ. ಕಣಜ ತುಂಬಿದ ಮನೆಯಲ್ಲಿ ಹಸಿವು ಯಾಕೆ?

ಫೆರಿಟಿನ್ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಆದರೆ ಮೈಯಲ್ಲಿ ಉರಿಯೂತ ಇದ್ದಾಗಲೂ ಅದು ಏರುತ್ತದೆ. ಟೈಪ್ 2 ಡಯಾಬಿಟಿಸ್‌ನಲ್ಲಿ ಹೊಟ್ಟೆಯ ಬೊಜ್ಜು, ಫ್ಯಾಟಿ ಲಿವರ್ ಜೊತೆಗಿದ್ದರೆ ಸಣ್ಣ ಉರಿಯೂತ ವರ್ಷಗಟ್ಟಲೆ ಒಳಗೇ ಹೊಗೆಯಾಡುತ್ತಿರುತ್ತದೆ. ಜ್ವರ ಇಲ್ಲ, ನೋವಿಲ್ಲ. ಇಂಟರ್‌ಲ್ಯೂಕಿನ್-6 ಅನ್ನೋ ಸಂಕೇತ ಲಿವರಿಗೆ ಹೋಗುತ್ತದೆ, ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕಣಜದ ಬೀಗದ ಕೈ ಇರುವುದು ಇದರ ಹತ್ತಿರ. ನಾವು ತಿಂದದ್ದರಿಂದ ದಿನಕ್ಕೆ ಒಳಗೆ ಸೇರುವ ಕಬ್ಬಿಣ ಬರೀ 1-2 ಮಿಲಿಗ್ರಾಂ. ಹಳೇ ಕೆಂಪು ರಕ್ತಕಣಗಳನ್ನು ಒಡೆದು ವಾಪಸ್ ಪಡೆಯುವುದು ಸುಮಾರು 20-25 ಮಿಲಿಗ್ರಾಂ. ಹೆಪ್ಸಿಡಿನ್ ಎರಡೂ ಬಾಗಿಲು ಹಾಕಿಬಿಡುತ್ತದೆ. ಕಬ್ಬಿಣ ಒಳಗೇ ಉಳಿಯುತ್ತದೆ, ರಕ್ತ ತಯಾರಿಸುವ ಅಸ್ಥಿಮಜ್ಜೆಗೆ ಸಿಗುವುದಿಲ್ಲ.

ಹಾಗಾಗಿ ಬರೀ ಫೆರಿಟಿನ್ ನೋಡಿ ನಾನು ಏನೂ ಹೇಳುವುದಿಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ಶೇಕಡಾ ತುಂಬಿದೆ ಅನ್ನೋ ಲೆಕ್ಕ, ಬೇಕೇ ಬೇಕು. ಅದು 45 ಶೇಕಡಾ ದಾಟಿದರೆ ಕಬ್ಬಿಣ ನಿಜವಾಗಿಯೂ ಜಾಸ್ತಿ ಇರಬಹುದು, ಆಗ ಹಿಮೊಕ್ರೊಮಟೋಸಿಸ್, ಅಂದರೆ ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುವ ಕಾಯಿಲೆ, ಇದೆಯಾ ಅಂತ ಹುಡುಕಬೇಕು. ಆ ಕಾಯಿಲೆಯಿಂದಲೇ ಡಯಾಬಿಟಿಸ್ ಬರುವುದೂ ಉಂಟು. ಇವರದ್ದು 14 ಇತ್ತು. ಉರಿಯೂತ ತೋರಿಸುವ ಸಿಆರ್‌ಪಿ ಏರಿತ್ತು. ರಕ್ತದಾನ ಮಾಡಿದ್ದರೆ ಇನ್ನೂ ಸುಸ್ತಾಗುತ್ತಿದ್ದರು, ಅಷ್ಟೇ.

ಹಾರ್ಟಿನ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಬೆರಳು ತೋರಿಸಬೇಕಾದದ್ದು ಫೆರಿಟಿನ್ ಕಡೆಗಲ್ಲ, ಅದನ್ನು ಏರಿಸಿದ ಉರಿಯೂತದ ಕಡೆಗೆ. ರಕ್ತನಾಳದ ಒಳಪದರವನ್ನು ಕೆಡಿಸುವುದು, ಅಲ್ಲಿ ಕೂತ ಕೊಬ್ಬಿನ ಗಂಟನ್ನು ಒಡೆಯುವ ಹಾಗೆ ಮಾಡುವುದು ಅದೇ. ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್), ಬೀಡಿ ಸಿಗರೇಟು, ತೂಕ ಇವನ್ನು ಬಿಟ್ಟು ಫೆರಿಟಿನ್ ಇಳಿಸಲು ಹೊರಟರೆ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ) ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಗ್ಲುಕೋಮೀಟರ್ ಅಂಕಿಗೂ ಅದಕ್ಕೂ ತಾಳೆಯಾಗದಿದ್ದರೆ ಮಾತ್ರೆ ಏರಿಸುವ ಮೊದಲು ಇದನ್ನು ನೋಡಬೇಕು, ಅಲ್ವಾ?

ಅವರಿಗೆ ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಬಿ12 ಬರೆದುಕೊಟ್ಟೆ. ಕಿಡ್ನಿ ಸೋತರೂ ರಕ್ತ ಕಮ್ಮಿಯಾಗುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುತ್ತದೆ. ದಿನಾ ಆಸ್ಪಿರಿನ್ ತಗೊಳ್ಳುತ್ತಿದ್ದರು, ಹಾಗಾಗಿ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆಯಾ ಅಂತ ಮಲ ಪರೀಕ್ಷೆಯನ್ನೂ ಸೇರಿಸಿದೆ. ಚೀಟಿ ನೋಡಿ ಅವರು ಕೇಳಿದರು: "ಹಾಗಾದ್ರೆ 420ಕ್ಕೆ ಔಷಧಿ ಇಲ್ವಾ?"