ವಿಮಾನ ರದ್ದಾದಾಗ: ಮರುಪಾವತಿ ಬೇರೆ, ಉಪಚಾರ ಬೇರೆ, ಪರಿಹಾರ ಬೇರೆ

ಈ ವಿಷಯ ಓದಲು ಕುಳಿತವರು ಮೊದಲು ಎಡವುವುದು 'ಪರಿಹಾರ' ಎಂಬ ಪದದಲ್ಲಿ. ವಿಮಾನ ರದ್ದಾದಾಗ ಪ್ರಯಾಣಿಕನ ಕೈಗೆ ಬರುವುದೆಲ್ಲವನ್ನೂ ನಾವು ಪರಿಹಾರ ಎಂದೇ ಕರೆದುಬಿಡುತ್ತೇವೆ. ಕಾನೂನು ಹಾಗೆ ಕರೆಯುವುದಿಲ್ಲ. ಐರೋಪ್ಯ ಒಕ್ಕೂಟದ 261/2004 ಸಂಖ್ಯೆಯ ನಿಯಮವನ್ನೇ ತೆಗೆದುಕೊಳ್ಳಿ. 2005ರ ಫೆಬ್ರವರಿ 17ರಿಂದ ಜಾರಿಯಲ್ಲಿರುವ ಇದರಲ್ಲಿ ಮೂರು ಹಕ್ಕುಗಳು ಮೂರು ಬೇರೆ ವಿಧಿಗಳಲ್ಲಿ ಕುಳಿತಿವೆ. 8ನೇ ವಿಧಿಯಲ್ಲಿ ಟಿಕೆಟ್ ಹಣ ವಾಪಸು ಅಥವಾ ಬದಲಿ ಪ್ರಯಾಣ; ಯಾವುದು ಬೇಕೆಂದು ಆರಿಸುವವನು ಪ್ರಯಾಣಿಕ. 9ನೇ ವಿಧಿಯಲ್ಲಿ ಉಪಚಾರ: ಕಾಯುವಷ್ಟು ಹೊತ್ತಿಗೆ ತಕ್ಕ ಊಟ, ರಾತ್ರಿ ತಂಗಬೇಕಾದರೆ ಹೋಟೆಲ್, ಅಲ್ಲಿಗೆ ಹೋಗಿಬರಲು ವಾಹನ, ಎರಡು ದೂರವಾಣಿ ಕರೆ. ನಗದು ಪರಿಹಾರ ಬರುವುದು 7ನೇ ವಿಧಿಯಲ್ಲಿ. ಕೌಂಟರಿನಲ್ಲಿ "ಹವಾಮಾನ ಕೆಟ್ಟಿದೆ, ಏನನ್ನೂ ಕೊಡಲಾಗದು" ಎಂದು ಹೇಳಿದರೆ, ಆ ಉತ್ತರಕ್ಕೆ ಬೆಲೆಯಿರುವುದು 7ನೇ ವಿಧಿಯ ಮಟ್ಟಿಗೆ ಮಾತ್ರ.

ಮರುಪಾವತಿ 7 ದಿನಗಳೊಳಗೆ ಆಗಬೇಕು. ಹಣದ ಬದಲು ವೋಚರ್ ಕೊಡಬೇಕಾದರೆ ಪ್ರಯಾಣಿಕನ ಸಹಿಯುಳ್ಳ ಒಪ್ಪಿಗೆ ಬೇಕು.

ಪರಿಹಾರದ ಮೊತ್ತ ದೂರವನ್ನು ನೋಡುತ್ತದೆ, ಟಿಕೆಟ್ ಬೆಲೆಯನ್ನಲ್ಲ. 1,500 ಕಿ.ಮೀ.ವರೆಗೆ 250 ಯೂರೋ; ಒಕ್ಕೂಟದ ಒಳಗೇ ಅದಕ್ಕಿಂತ ದೂರದ ಹಾರಾಟಗಳಿಗೂ, ಉಳಿದಂತೆ 1,500ರಿಂದ 3,500 ಕಿ.ಮೀ.ವರೆಗಿನವಕ್ಕೂ 400, ಮಿಕ್ಕವಕ್ಕೆ 600. ಬದಲಿ ವಿಮಾನ ಹೆಚ್ಚು ತಡವಿಲ್ಲದೆ ತಲುಪಿಸಿದರೆ ಇದು ಅರ್ಧಕ್ಕಿಳಿಯಬಹುದು. ರದ್ದತಿಯನ್ನು ಎರಡು ವಾರ ಮೊದಲೇ ತಿಳಿಸಿದ್ದರೆ ಪರಿಹಾರವೇ ಇಲ್ಲ. ಅದಕ್ಕಿಂತ ತಡವಾಗಿ ತಿಳಿಸಿದರೂ, ಮೂಲ ವೇಳೆಗೆ ಹತ್ತಿರದ ಬದಲಿ ವಿಮಾನ ಕೊಟ್ಟು ಸಂಸ್ಥೆ ಪಾರಾಗಬಹುದು. ಕೊನೆಯ 7 ದಿನಗಳಲ್ಲಿ ಈ ಗೆರೆ ಬಹಳ ಬಿಗಿ: ಒಂದು ಗಂಟೆಗಿಂತ ಮೊದಲು ಹೊರಡಿಸುವಂತಿಲ್ಲ, ಎರಡು ಗಂಟೆಯೊಳಗಿನ ತಡದಲ್ಲಿ ತಲುಪಿಸಬೇಕು.

ಯಾವ ಹಾರಾಟಕ್ಕೆ ಅನ್ವಯ? ಪರೀಕ್ಷೆಯಲ್ಲಿ ಅಂಕ ಕಳೆಯುವ ಜಾಗ ಇದು. ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಅಮೆರಿಕದ ಸಂಸ್ಥೆಯ ವಿಮಾನ ರದ್ದಾದರೆ ನಿಯಮ ಅನ್ವಯಿಸುತ್ತದೆ, ಏಕೆಂದರೆ ಹೊರಟ ನೆಲ ಒಕ್ಕೂಟದ್ದು. ಅದೇ ಸಂಸ್ಥೆಯ ಮರುಹಾರಾಟ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಇದ್ದರೆ ಅನ್ವಯಿಸುವುದಿಲ್ಲ. ಆ ಮರುಹಾರಾಟವನ್ನೇ ಏರ್ ಫ್ರಾನ್ಸ್ ನಡೆಸಿದ್ದರೆ ಮತ್ತೆ ಅನ್ವಯ, ಏಕೆಂದರೆ ಆ ಸಂಸ್ಥೆ ಒಕ್ಕೂಟದ್ದು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಇದನ್ನೇ ತನ್ನ ಕಾನೂನಾಗಿಸಿಕೊಂಡು ಮೊತ್ತವನ್ನು 220, 350, 520 ಪೌಂಡ್ ಎಂದು ಬರೆದುಕೊಂಡಿದೆ.

ಇನ್ನು 'ಅಸಾಧಾರಣ ಸನ್ನಿವೇಶ'. ಸಕಲ ಕ್ರಮ ಕೈಗೊಂಡಿದ್ದರೂ ತಪ್ಪಿಸಲಾಗದ ಇಂಥ ಸನ್ನಿವೇಶದಿಂದ ರದ್ದಾಯಿತೆಂದು ಸಂಸ್ಥೆ ಸಾಬೀತುಪಡಿಸಿದರೆ ಪರಿಹಾರ ಕೊಡಬೇಕಿಲ್ಲ. ಸಾಬೀತಿನ ಹೊಣೆ ಸಂಸ್ಥೆಯದು ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಎಂಜಿನ್ ಕೆಟ್ಟರೆ ಅದು ಅಸಾಧಾರಣವೇ? 2005ರ ಜೂನ್‌ನಲ್ಲಿ ವಿಯೆನ್ನಾದಿಂದ ರೋಮ್ ಮಾರ್ಗವಾಗಿ ಬ್ರಿಂಡಿಸಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ, ವಿಮಾನ ಹೊರಡಲು ಐದು ನಿಮಿಷವಿದೆ ಎನ್ನುವಾಗ ಅಲಿಟಾಲಿಯಾ ರದ್ದತಿ ತಿಳಿಸಿತು. ಎಂಜಿನ್ನಿನ ಟರ್ಬೈನ್ ದೋಷ ಹಿಂದಿನ ರಾತ್ರಿ ಒಂದು ಗಂಟೆಗೇ ಸಂಸ್ಥೆಗೆ ಗೊತ್ತಿತ್ತು! ಬದಲಿ ವಿಮಾನದಲ್ಲಿ ರೋಮ್ ಮುಟ್ಟುವಷ್ಟರಲ್ಲಿ ಮುಂದಿನ ವಿಮಾನ ಹೋಗಿ 20 ನಿಮಿಷವಾಗಿತ್ತು. ಅವರು ಕೇಳಿದ್ದು 250 ಯೂರೋ, ಜೊತೆಗೆ ದೂರವಾಣಿ ಕರೆಗೆ 10 ಯೂರೋ. ವಾಲೆಂಟಿನ್-ಹರ್ಮನ್ ಪ್ರಕರಣ ಎಂದು ಹೆಸರಾದ ಇದರಲ್ಲಿ ಐರೋಪ್ಯ ನ್ಯಾಯಾಲಯ 2008ರಲ್ಲಿ ಹೇಳಿದ್ದಿಷ್ಟು: ತಾಂತ್ರಿಕ ದೋಷ ವಿಮಾನ ಹಾರಿಸುವ ಕಸುಬಿನ ಭಾಗವೇ, ಅದು ತಾನಾಗಿ ಅಸಾಧಾರಣವಾಗುವುದಿಲ್ಲ. ತಯಾರಿಕೆಯಲ್ಲೇ ಉಳಿದ ಗುಪ್ತ ದೋಷ, ವಿಧ್ವಂಸಕ ಕೃತ್ಯ ಇಂಥವು ಮಾತ್ರ ಹೊರತು. ಹತ್ತು ಯೂರೋ ಸಹ ಬಿಡದೆ ಕೇಳಿದ ಆ ಹಟ ನನಗೆ ಬಹಳ ಹಿಡಿಸಿತು.

ಇದರ ಪಕ್ಕದಲ್ಲೇ ಮೆಕ್‌ಡೊನಾ ಪ್ರಕರಣವನ್ನು ಓದಬೇಕು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶ ಮುಚ್ಚಿತು. ಪೋರ್ಚುಗಲ್‌ನ ಫಾರೊದಿಂದ ಡಬ್ಲಿನ್‌ಗೆ ಹೊರಟವರು ಒಂದು ವಾರ ಸಿಕ್ಕಿಬಿದ್ದರು. ಟಿಕೆಟ್ 98 ಯೂರೋ; ಊಟ, ವಸತಿಗೆ ಅವರು ರಯಾನ್‌ಏರ್‌ನಿಂದ ಕೇಳಿದ್ದು ಸುಮಾರು 1,130 ಯೂರೋ. ಬೂದಿ ಅಸಾಧಾರಣವೇ, ಅದರಲ್ಲಿ ತಕರಾರಿಲ್ಲ. ಆದರೂ 2013ರಲ್ಲಿ ನ್ಯಾಯಾಲಯ ಉಪಚಾರದ ಹೊಣೆಗೆ ಅವಧಿಯ ಮಿತಿಯೂ ಇಲ್ಲ, ಹಣದ ಮಿತಿಯೂ ಇಲ್ಲ ಎಂದಿತು. ಸಂಸ್ಥೆ ನೋಡಿಕೊಳ್ಳದಿದ್ದರೆ ಪ್ರಯಾಣಿಕ ತಾನೇ ಖರ್ಚು ಮಾಡಿ ವಸೂಲಿ ಮಾಡಬಹುದು. ಖರ್ಚು ಅಗತ್ಯವೂ ಸಮಂಜಸವೂ ಆಗಿರಬೇಕು ಅಷ್ಟೇ. ಆದ್ದರಿಂದ ರಸೀದಿಗಳನ್ನು ಎಸೆಯಬಾರದು.

ಅಂತಾರಾಷ್ಟ್ರೀಯ ವಿಮಾನ ಪ್ರಯಾಣ ಕುರಿತ ಮಾಂಟ್ರಿಯಲ್ ಒಪ್ಪಂದವನ್ನು (1999) ಇದರೊಡನೆ ಬೆರೆಸಬೇಡಿ. ಅದರ 19ನೇ ವಿಧಿ ವಿಳಂಬದಿಂದಾದ ನಿಜವಾದ ನಷ್ಟವನ್ನು ತುಂಬಿಕೊಡುತ್ತದೆ. ನಿಗದಿತ ಮೊತ್ತವೆಂಬುದು ಅಲ್ಲಿಲ್ಲ, ನಷ್ಟ ತೋರಿಸಬೇಕು. ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 6,303 ಎಸ್‌ಡಿಆರ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನದಲ್ಲಿ. ಎರಡರಡಿಯಲ್ಲೂ ಕೇಳಬಹುದು, ಆದರೆ 261ರಡಿ ಸಿಕ್ಕ ಪರಿಹಾರವನ್ನು ಇನ್ನೊಂದರಿಂದ ಕಳೆಯಲು ಅವಕಾಶವಿದೆ. ಮಾಂಟ್ರಿಯಲ್ ದಾವೆಗೆ ಗಡುವು ಎರಡು ವರ್ಷ. ಲೆಕ್ಕ ಶುರುವಾಗುವುದು ವಿಮಾನ ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ.